ನೂರು ಮನೆ ಕಟ್ಟಿದರೂ ಊರೆನಿಸುವುದಿಲ್ಲವೇಕೆ?

ಪ್ರಶ್ನೆ: ಆರ್‌ಪಿಜಿ (ಕಥೆಯ ಪಾತ್ರವೊಂದನ್ನು ವಹಿಸಿಕೊಂಡು ಆಡುವ) ವಿಡಿಯೊ ಗೇಮ್‌ಗಳಲ್ಲಿ ಮಹಾನಗರವೆಂದು ಹೇಳುವ ಊರಿನಲ್ಲಿ ಇಪ್ಪತ್ತು ಮೂವತ್ತು ಕಟ್ಟಡಗಳಷ್ಟೇ ಇರುತ್ತವೆ; ಆದರೂ ಅಲ್ಲಿ ನಡೆಯುವಾಗ ಅದು ಊರೆಂದೇ ಅನಿಸುತ್ತದೆ. ನನ್ನದೊಂದು ಪುಟ್ಟ ಆಟಕ್ಕಾಗಿ ನಾನು ನೂರಕ್ಕೂ ಹೆಚ್ಚು ಮನೆಗಳ ಊರನ್ನು ಕಟ್ಟಿದ್ದೇನೆ. ಆಡಿ ನೋಡಿದ ಗೆಳೆಯರೆಲ್ಲ ಅದು ಹಾಳೂರಿನಂತಿದೆ ಎನ್ನುತ್ತಾರೆ. ತಪ್ಪು ಎಲ್ಲಿದೆ?
– ಗಂಗಾವತಿಯ ಓದುಗರೊಬ್ಬರು

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೂಪಗಳಲ್ಲಿ ಅನೇಕರು ಕೇಳುತ್ತಾರೆ. ಕೆಲವರು ಮೊದಲರ್ಧವನ್ನಷ್ಟೇ ಕೇಳಿ, ಆಟ ತಯಾರಿಸಿದವರ ಸೋಮಾರಿತನವನ್ನು ಬೈದು ಸುಮ್ಮನಾಗುತ್ತಾರೆ. ಉಳಿದವರು ತಾವೇ ಊರು ಕಟ್ಟಲು ಹೋಗಿ ಸೋತ ಮೇಲೆ ಎರಡನೆಯರ್ಧಕ್ಕೆ ಬರುತ್ತಾರೆ. ಎರಡಕ್ಕೂ ಉತ್ತರ ಒಂದೇ. ಊರೊಂದು ಏನು ದುಡಿದು ಏನು ಉಣ್ಣುತ್ತದೆ ಎಂಬುದು ಆಟಗಾರನ ಕಣ್ಣಿಗೆ ಬಿದ್ದರೆ ಇಪ್ಪತ್ತು ಮನೆಗಳೂ ಊರಾಗುತ್ತವೆ. ಬೀಳದಿದ್ದರೆ ಸಾವಿರ ಮನೆಗಳೂ ಆಗುವುದಿಲ್ಲ. ನೀವು ಗಂಗಾವತಿಯವರಾದ್ದರಿಂದ ಇದನ್ನು ವಿವರಿಸುವುದು ನನಗೆ ಸುಲಭವಾಗಿದೆ.

ಮೊದಲು ಲೆಕ್ಕದ ವಿಷಯವನ್ನು ಮುಗಿಸೋಣ. 2011ರ ಸ್ಕೈರಿಮ್ ಆಟದ ವೈಟ್‌ರನ್ ಆ ಲೋಕದ ದೊಡ್ಡ ವ್ಯಾಪಾರಿ ನಗರ. ಕೋಟೆಯೊಳಗೆ ಎಣಿಸಿದರೆ ಕಟ್ಟಡಗಳು ಇಪ್ಪತ್ತೈದರ ಆಸುಪಾಸು. ನಮ್ಮ ಕಡೆಯ ಸಣ್ಣ ಹಳ್ಳಿಗೂ ಅದಕ್ಕಿಂತ ಹೆಚ್ಚು ಮನೆಗಳಿರುತ್ತವೆ. ಆದರೆ ಆ ಆಟದಲ್ಲಿ ಕುಗ್ಗಿರುವುದು ಮನೆಗಳ ಸಂಖ್ಯೆಯೊಂದೇ ಅಲ್ಲ. ಅಲ್ಲಿ ಕಾಲ ನಮ್ಮ ಗಡಿಯಾರಕ್ಕಿಂತ 20 ಪಟ್ಟು ವೇಗವಾಗಿ ಓಡುತ್ತದೆ. ಆಟದ ಒಂದು ದಿನ ನಮ್ಮ 72 ನಿಮಿಷಗಳಲ್ಲಿ ಮುಗಿಯುತ್ತದೆ. ದಿನಗಟ್ಟಲೆ ನಡೆಯಬೇಕಾದ ದೂರವನ್ನು ಕೆಲವು ನಿಮಿಷಗಳಲ್ಲಿ ದಾಟಬಹುದು. ದಾರಿ, ಬೆಟ್ಟ, ಹಗಲು, ಇರುಳು ಎಲ್ಲವೂ ಕುಗ್ಗಿರುವಲ್ಲಿ ಊರು ಮಾತ್ರ ನಿಜವಾದ ಅಳತೆಯಲ್ಲಿದ್ದರೆ ಅದೇ ಅಸಹಜವಾಗಿ ಕಾಣುತ್ತಿತ್ತು. ಜಾತ್ರೆಯ ತೇರಿಗೆ ತಕ್ಕಂತೆ ಬೀದಿಯೂ ಇರಬೇಕು ಎಂಬಂತಹದೇ ಮಾತು ಇದು.

ಇದರ ಹಿಂದೆ ಖರ್ಚಿನ ಲೆಕ್ಕವೂ ಇದೆ. ವೈಟ್‌ರನ್‌ನಲ್ಲಿ ಬಹುಮಟ್ಟಿಗೆ ಪ್ರತಿ ಬಾಗಿಲೂ ತೆರೆಯುತ್ತದೆ, ಒಳಗೆ ಹಾಸಿಗೆ, ಒಲೆ, ತಟ್ಟೆಗಳಿರುತ್ತವೆ, ಮನೆಯಾತನಿಗೆ ಹೆಸರೂ ಧ್ವನಿಯೂ ಇರುತ್ತವೆ. ಇಷ್ಟನ್ನೂ ಕೊಡುವುದಾದರೆ ಮನೆಗಳು ಕಡಿಮೆಯಾಗಲೇಬೇಕು. 2015ರ ದಿ ವಿಚರ್ 3 ಆಟದ ನೋವಿಗ್ರಾಡ್ ನಗರವನ್ನು ಕಟ್ಟಿದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಓಣಿಗಳು ಕಿಕ್ಕಿರಿದಿವೆ, ಮಹಡಿಗಳು ಒಂದರ ಮೇಲೊಂದು ವಾಲಿವೆ, ಜನ ನೂಕಿಕೊಂಡು ಹೋಗುತ್ತಾರೆ. ಆದರೆ ಬಹಳಷ್ಟು ಬಾಗಿಲುಗಳು ಮುಚ್ಚಿರುತ್ತವೆ, ಎದುರಾಗುವವರಲ್ಲಿ ಹೆಚ್ಚಿನವರಿಗೆ ಹೆಸರಿಲ್ಲ. ಒಂದು ಕಡೆ ನೀವು ಎಲ್ಲರ ಮನೆಯನ್ನೂ ಬಲ್ಲ ಊರಿನವರು, ಇನ್ನೊಂದು ಕಡೆ ಸಂತೆಗೆ ಬಂದ ಪರಊರಿನವರು. ಎರಡೂ ಸರಿಯಾದ ದಾರಿಗಳೇ. ನೀವು ಕಟ್ಟಿದ ಊರಿನ ತೊಂದರೆಯೆಂದರೆ, ಅಲ್ಲಿ ನೂರು ಬಾಗಿಲುಗಳು ತೆರೆಯುತ್ತವೆ, ಆದರೆ ಯಾವುದರ ಒಳಗೂ ಏನೂ ಇಲ್ಲ ಎಂದು ನಾನು ಊಹಿಸುತ್ತೇನೆ.

ಸಂಖ್ಯೆಯನ್ನೇ ನೆಚ್ಚಿಕೊಂಡ ಆಟವೊಂದು ಹಿಂದೆ ಬಂದಿತ್ತು. ಸ್ಕೈರಿಮ್ ಸರಣಿಯದೇ ಹಿಂದಿನ ಆಟವಾದ ಡ್ಯಾಗರ್‌ಫಾಲ್ 1996ರಲ್ಲಿ ಹೊರಬಂದಾಗ ಅದರಲ್ಲಿ ಊರು, ಹಳ್ಳಿ, ಗುಹೆಗಳೆಲ್ಲ ಸೇರಿ ಸುಮಾರು 15,000 ಸ್ಥಳಗಳಿದ್ದವು. ಕೈಯಿಂದ ಇಷ್ಟನ್ನು ಮಾಡಲಾಗದು. ಕಂಪ್ಯೂಟರ್ ಪ್ರೋಗ್ರಾಮೇ ಕೆಲವು ಅಚ್ಚುಗಳನ್ನು ತಿರುಗಿಸಿ ಮಗುಚಿ ಊರುಗಳನ್ನು ಹೊಸೆಯುತ್ತಿತ್ತು. ಆ ವಿಸ್ತಾರ ಬೆರಗು ಹುಟ್ಟಿಸುವಂತಹದೇ. ಆದರೆ ಹತ್ತನೆಯ ಊರಿಗೂ ಹನ್ನೊಂದನೆಯ ಊರಿಗೂ ಇರುವ ವ್ಯತ್ಯಾಸವನ್ನು ಆಟಗಾರ ನೆನಪಿಡುವುದು ಕಷ್ಟ. 2002ರಲ್ಲಿ ಹೊರಬಂದ ಮಾರೋವಿಂಡ್ ಆಟವನ್ನು ಮಾಡುವಾಗ ಡ್ಯಾಗರ್‌ಫಾಲ್ ತಯಾರಿಸಿದ ಸಂಸ್ಥೆಯೇ ಒಂದು ದ್ವೀಪಕ್ಕೆ ಇಳಿದು, ಊರುಗಳನ್ನು ಕೈಯಿಂದಲೇ ಜೋಡಿಸಿತು. ಆ ಆಟದ ಒಂದೊಂದು ಊರನ್ನೂ ಅದರ ಕಟ್ಟಡಗಳ ರೂಪದಿಂದಲೇ ಗುರುತಿಸಬಹುದು.

ಇನ್ನು ನಿಮ್ಮ ಪ್ರಶ್ನೆಯ ಎರಡನೆಯರ್ಧ. ಗಂಗಾವತಿಯನ್ನು ಒಮ್ಮೆ ಹೊಸಬನ ಕಣ್ಣಿನಿಂದ ನೋಡಿ. ಊರು ಇನ್ನೂ ದೂರವಿರುವಾಗಲೇ ದಾರಿಯ ಎರಡೂ ಬದಿ ಭತ್ತದ ಗದ್ದೆಗಳು ಕಾಣುತ್ತವೆ, ಗದ್ದೆಗೆ ಮೊದಲು ಕಾಲುವೆ ಕಾಣುತ್ತದೆ. ಆಮೇಲೆ ರೈಸ್ ಮಿಲ್‌ಗಳ ಹೊಗೆಕೊಳವೆಗಳು, ಹೊಟ್ಟಿನ ಗುಡ್ಡೆಗಳು, ಚೀಲ ತುಂಬಿದ ಲಾರಿಗಳು, ಲಾರಿಯವರಿಗಾಗಿ ಹುಟ್ಟಿಕೊಂಡ ಟೈರ್ ಪಂಕ್ಚರ್ ಅಂಗಡಿಗಳು, ಹಮಾಲರಿಗಾಗಿ ಬೆಳಗಿನ ಜಾವವೇ ಒಲೆ ಹಚ್ಚುವ ಮಿರ್ಚಿ ಅಂಗಡಿಗಳು, ಅಡತಿ ಅಂಗಡಿಗಳು, ಬ್ಯಾಂಕುಗಳು. ಇವುಗಳಲ್ಲಿ ಒಂದೂ ತಾನಾಗಿ ಅಲ್ಲಿ ಬಂದು ಕುಳಿತಿಲ್ಲ. ಮುನಿರಾಬಾದಿನ ಬಳಿ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು, ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು, ನೀರಿನಿಂದ ಭತ್ತ, ಭತ್ತದಿಂದ ಗಿರಣಿ, ಗಿರಣಿಯಿಂದ ಲಾರಿ, ಲಾರಿಯಿಂದ ಮಿರ್ಚಿ ಅಂಗಡಿ. ಈ ಸರಪಳಿಯ ಒಂದೊಂದು ಕೊಂಡಿಗೂ ಒಂದೊಂದು ಕಟ್ಟಡವನ್ನು ಇಟ್ಟರೂ ನಿಮ್ಮ ಆಟದಲ್ಲಿ ಹತ್ತು ಕಟ್ಟಡಗಳಲ್ಲಿ ಗಂಗಾವತಿ ನಿಲ್ಲುತ್ತದೆ. ನೀವು ಕಟ್ಟಿದ ನೂರು ಮನೆಗಳ ಊರಿನಲ್ಲಿ ಜನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ? ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ನಿಮ್ಮ ಗೆಳೆಯರಿಗೂ ಸಿಗದು.

ಕತ್ತಿಗಳ ಅಂಗಡಿ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಹತ್ತು ಮನೆಗಳ ಹಳ್ಳಿಯಲ್ಲಿ ವರ್ಷವಿಡೀ ಕತ್ತಿ, ಗುರಾಣಿ ಮಾರಿಕೊಂಡು ಬದುಕುವ ಆ ಅಂಗಡಿಯವನ ಬಗ್ಗೆ ನನಗೆ ಮೊದಲಿನಿಂದಲೂ ಮರುಕ. ಆಟಗಾರ ಬರುವ ತನಕ ಅವನಿಗೆ ಬೋಣಿಯಾಗುವುದೇ ಇಲ್ಲ.

ನೀರು ಮತ್ತು ಅನ್ನದಿಂದಲೇ ಲೋಕವನ್ನು ಕಟ್ಟಿದ ಆಟಕ್ಕೆ ನನಗೆ ತಿಳಿದಂತೆ 2010ರ ಫಾಲ್‌ಔಟ್: ನ್ಯೂ ವೇಗಸ್ ಉತ್ತಮ ಉದಾಹರಣೆ. ಅಣುಯುದ್ಧದ ನಂತರದ ಅಮೆರಿಕದ ಮರುಭೂಮಿಯಲ್ಲಿ ನಡೆಯುವ ಆ ಕಥೆಯಲ್ಲಿ ಸೇನೆಗಳು ಕಾದಾಡುವುದು ಹೂವರ್ ಅಣೆಕಟ್ಟಿಗಾಗಿ, ಅಂದರೆ ನೀರಿಗಾಗಿ ಮತ್ತು ವಿದ್ಯುತ್ತಿಗಾಗಿ. ನಗರದ ಹೊರಗೆ ಗೇಣಿ ಒಕ್ಕಲುಗಳ ಹೊಲಗಳಿವೆ. ಆ ಹೊಲಗಳಿಗೆ ಬರಬೇಕಾದ ನೀರು ಕಡಿಮೆಯಾಗುತ್ತಿದೆ, ಏಕೆಂದು ಪತ್ತೆ ಹಚ್ಚಲು ಹೋದ ಸೈನಿಕನೊಬ್ಬ ಕಾಣೆಯಾಗಿದ್ದಾನೆ. ಜಾಡು ಹಿಡಿದು ಹೋದರೆ ಅದೇ ನೀರು ಗುಟ್ಟಾಗಿ ಬಡವರ ಕೇರಿಯೊಂದರ ತೋಟಗಳಿಗೆ ಹರಿಯುತ್ತಿರುತ್ತದೆ. ಯಾರ ಪರ ನಿಲ್ಲಬೇಕೆಂಬುದನ್ನು ಆಟಗಾರನೇ ತೀರ್ಮಾನಿಸಬೇಕು. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತುವವರನ್ನೂ, ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ರಾಯಚೂರು ಜಿಲ್ಲೆಯ ರೈತರನ್ನೂ ಕಂಡವರಿಗೆ ಇದು ಮರುಭೂಮಿಯ ಕಥೆಯೆನಿಸದು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಚೈನು ತುಂಡಾದದ್ದು ನಿಮಗೆ ನೆನಪಿರಬಹುದು. ಹರಿದುಹೋಗುತ್ತಿದ್ದ ನೀರಿಗೆ ತಾತ್ಕಾಲಿಕ ಗೇಟು ಕೂರಿಸುವ ತನಕ ಈ ಭಾಗದ ರೈತನಿಂದ ಹಿಡಿದು ಗಿರಣಿಯವನ ತನಕ ಎಲ್ಲರದೂ ಒಂದೇ ಚಿಂತೆಯಾಗಿತ್ತು. ಒಂದು ಚೈನು ತುಂಡಾದರೆ ಇಡೀ ಊರಿನ ಮಾತು ಬದಲಾಗುವಂತಿದ್ದರೆ, ಆಟಗಾರನಿಗೆ ಕೊಡಬೇಕಾದ ಕೆಲಸಗಳನ್ನು ನೀವು ತಲೆ ಕೆರೆದುಕೊಂಡು ಹುಡುಕಬೇಕಾಗಿಲ್ಲ.

ಬದುಕು ಗೊತ್ತಾದ ಮೇಲೆ ಆಕಾರ. ಇಲ್ಲಿ ಮತ್ತೆ ವೈಟ್‌ರನ್‌ಗೆ ಬರುತ್ತೇನೆ, ಏಕೆಂದರೆ ಅಷ್ಟು ಕಡಿಮೆ ಕಟ್ಟಡಗಳಲ್ಲಿ ಅಷ್ಟನ್ನು ಹೇಳಿದ ಊರು ವಿರಳ. ಕೋಟೆಯ ಹೊರಗೆ ಹೊಲಗಳು ಮತ್ತು ಜೇನಿನ ಮದ್ಯ ತಯಾರಿಸುವ ಒಂದು ಭಟ್ಟಿ. ಅಗಸಿ ದಾಟಿದೊಡನೆ ಕಮ್ಮಾರನ ಸಾಲೆ, ಮುಂದೆ ಸಂತೆಕಟ್ಟೆ ಮತ್ತು ಖಾನಾವಳಿ. ಮೆಟ್ಟಿಲು ಹತ್ತಿದರೆ ಎರಡನೆಯ ಹಂತದಲ್ಲಿ ಹಳೆಯ ಮನೆತನಗಳ ಮನೆಗಳು, ಗುಡಿ, ಒಣಗಿದ ಒಂದು ದೊಡ್ಡ ಮರ. ಇನ್ನೂ ಹತ್ತಿದರೆ ಒಡೆಯನ ಅರಮನೆ. ಏರಿದಷ್ಟೂ ಅಂತಸ್ತು ಹೆಚ್ಚುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೂ ಸಂತೆಕಟ್ಟೆಯಲ್ಲಿ ಜಮೀನುದಾರನೊಬ್ಬ ನಿಮ್ಮನ್ನು ತಡೆದು, ನೀವು ಮೇಲಿನ ಓಣಿಗೆ ಹೋಗುವುದುಂಟೇ ಎಂದು ಕೇಳಿ, ತನ್ನ ಪ್ರಶ್ನೆಗೆ ತಾನೇ ಕುಹಕದ ಉತ್ತರ ಕೊಟ್ಟುಕೊಳ್ಳುತ್ತಾನೆ. ಆ ಒಬ್ಬನ ಮಾತಿನಿಂದ ಮೆಟ್ಟಿಲುಗಳು ಬರಿಯ ಕಲ್ಲಾಗಿ ಉಳಿಯುವುದಿಲ್ಲ. ಲೋಕದಾದ್ಯಂತ ಆಟಗಾರರು ಅವನನ್ನು ಇಂದಿಗೂ ಬೈಯುತ್ತಾರೆ ಎಂಬುದೇ ಆ ಊರು ಗೆದ್ದದ್ದಕ್ಕೆ ಸಾಕ್ಷಿ.

ಎತ್ತರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಳ್ಳಾರಿಯಲ್ಲಿ ದಾರಿ ತಪ್ಪಿದವನು ತಲೆಯೆತ್ತಿ ಗುಡ್ಡದ ಮೇಲಿನ ಕೋಟೆಯನ್ನು ನೋಡಿ ದಿಕ್ಕನ್ನು ಸರಿಮಾಡಿಕೊಳ್ಳಬಹುದು. ಆಟದ ಊರಿಗೂ ಎಲ್ಲಿಂದ ನೋಡಿದರೂ ಕಾಣುವ ಇಂತಹ ಒಂದು ಗುರುತು ಬೇಕು. ಅದಿದ್ದರೆ ಪರದೆಯ ಮೂಲೆಯ ನಕ್ಷೆಯನ್ನು ದಿಟ್ಟಿಸುವುದು ತಪ್ಪುತ್ತದೆ. ಒಂದೇ ಸಾಕು. ಐದು ಗೋಪುರಗಳನ್ನು ನಿಲ್ಲಿಸಿದರೆ ಅವುಗಳಲ್ಲಿ ಯಾವುದೂ ಗುರುತಾಗಿ ಉಳಿಯುವುದಿಲ್ಲ.

ಅಗಸಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಭಾಗದ ಹಳೆಯ ಕೋಟೆಬಾಗಿಲುಗಳಲ್ಲಿ ದಾರಿ ನೇರವಾಗಿ ಒಳಹೋಗದೆ ಒಂದೆರಡು ಕಡೆ ಮುರಿದು ತಿರುಗುವುದನ್ನು ಕಾಣಬಹುದು. ಹಂಪಿಯ ಭೀಮನ ಬಾಗಿಲು ಹಾಗೆಯೇ ಇದೆ. ಶತ್ರುವಿನ ಆನೆಗಳೂ ಕುದುರೆಗಳೂ ಒಂದೇ ಓಟದಲ್ಲಿ ನುಗ್ಗಬಾರದೆಂಬುದು ಅದರ ಉದ್ದೇಶ. ಆಟಗಳಲ್ಲಿಯೂ ಊರಿನ ಬಾಗಿಲನ್ನು ಹೀಗೆಯೇ ಮುರಿದು ತಿರುಗಿಸುವುದುಂಟು, ಆದರೆ ಕಾರಣ ಬೇರೆ: ಹೊರಗಿನಿಂದ ಒಳಗಿನ ಮನೆಗಳು ಕಾಣದಿದ್ದರೆ ಕಂಪ್ಯೂಟರ್ ಅವುಗಳನ್ನು ಆ ಕ್ಷಣದಲ್ಲಿ ಚಿತ್ರಿಸಬೇಕಾಗಿಲ್ಲ, ಭಾರ ಇಳಿಯುತ್ತದೆ. ಸ್ಕೈರಿಮ್‌ನ ದೊಡ್ಡ ನಗರಗಳಂತೂ ಹೊರಲೋಕದಿಂದ ಪೂರಾ ಬೇರ್ಪಟ್ಟಿವೆ. ಬಾಗಿಲು ತಟ್ಟಿದಾಗ ಬರುವ ಲೋಡಿಂಗ್ ಪರದೆಯ ಹಿಂದೆ ಹೊರಗಿನದು ಅಳಿದು ಒಳಗಿನದು ಮೂಡುತ್ತದೆ. ಆ ನಗರಗಳಿಗೆ ಎತ್ತರದ ಗೋಡೆಗಳಿರುವುದು ಕಥೆಗೆಷ್ಟು ಬೇಕೋ ಯಂತ್ರಕ್ಕೂ ಅಷ್ಟೇ ಬೇಕು. ನಿಮ್ಮ ಆಟ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಬೇಕಾದರೆ ನೀವೂ ದಾರಿಯನ್ನು ತಿರುಗಿಸಿ.

ಗೋಡೆ ಕಥೆಯನ್ನು ಹೇಗೆ ಹೇಳಬಲ್ಲದು ಎಂಬುದಕ್ಕೆ ರಾಯಚೂರಿಗೆ ಹೋಗಿ ಬನ್ನಿ. ಅಲ್ಲಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಬಲು ಉದ್ದನೆಯ ಕಲ್ಲೊಂದಿದೆ. ಅಂತಹ ಕಲ್ಲನ್ನು ಗಾಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಯಾರು ಕಟ್ಟಿದರು ಎಂಬುದರ ಜೊತೆಗೆ ಎಷ್ಟು ಬೆವರಿನಿಂದ ಕಟ್ಟಿದರು ಎಂಬುದೂ ಅಲ್ಲೇ ಇದೆ. ಆಟದಲ್ಲಿ ಮುದುಕನೊಬ್ಬನ ಬಾಯಿಂದ ಎರಡು ಪುಟದ ಇತಿಹಾಸ ಹೇಳಿಸುವ ಬದಲು ಇಂತಹ ಒಂದು ಕಲ್ಲನ್ನು ದಾರಿಯ ಪಕ್ಕ ಇಟ್ಟರೆ ಸಾಕು. ನೋಡುವವನು ನೋಡುತ್ತಾನೆ, ಅವಸರದವನು ಮುಂದೆ ಹೋಗುತ್ತಾನೆ.

ಕೊನೆಯದಾಗಿ ಗಡಿಯಾರ. ಹಾಳೂರು ಎಂದು ನಿಮ್ಮ ಗೆಳೆಯರು ಹೇಳಿದ್ದಕ್ಕೆ ಬಹುಶಃ ಇದೇ ಹತ್ತಿರದ ಕಾರಣ. 1986ರ ಡ್ರ್ಯಾಗನ್ ಕ್ವೆಸ್ಟ್ ಆಟ ಇಡಿಯಾಗಿ 64 ಕಿಲೊಬೈಟ್‌ನಷ್ಟು ಜಾಗದಲ್ಲಿತ್ತು. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದು. ಅಲ್ಲಿನ ಜನ ಹಗಲೂ ಇರುಳೂ ಒಂದೇ ಮಾತಾಡಿಕೊಂಡಿದ್ದರೆ ಯಾರೂ ದೂರುವಂತಿಲ್ಲ. ಆದರೆ ಎರಡೇ ವರ್ಷಗಳಲ್ಲಿ, 1988ರ ಅಲ್ಟಿಮಾ 5ರಲ್ಲಿ, ಊರವರಿಗೆ ದಿನಚರಿ ಬಂತು: ಏಳುವುದು, ದುಡಿಯುವುದು, ಉಣ್ಣುವುದು, ಮಲಗುವುದು. 2000ದ ಮಜೋರಾಸ್ ಮಾಸ್ಕ್ ಇದನ್ನೇ ಇಡೀ ಆಟದ ಬುನಾದಿ ಮಾಡಿಕೊಂಡಿತು. ಅದನ್ನು ಆರ್‌ಪಿಜಿ ಎನ್ನುವುದಕ್ಕಿಂತ ಸಾಹಸದ ಆಟ ಎನ್ನುವುದು ಸರಿ, ಆದರೂ ನೀವು ಅದನ್ನು ಆಡಲೇಬೇಕು. ಮೂರು ದಿನಗಳಲ್ಲಿ ಚಂದ್ರ ಊರಿನ ಮೇಲೆ ಬೀಳಲಿದ್ದಾನೆ. ಬಡಗಿಗಳು ಹಬ್ಬದ ಅಟ್ಟಣೆ ಕಟ್ಟುತ್ತಲೇ ಇದ್ದಾರೆ, ಅಂಚೆಯವನು ಗಂಟೆ ತಪ್ಪದೆ ಓಡುತ್ತಲೇ ಇದ್ದಾನೆ. ಆಟಗಾರ ಆ ಮೂರು ದಿನಗಳನ್ನೇ ಮತ್ತೆ ಮತ್ತೆ ಬದುಕಿ ಒಬ್ಬೊಬ್ಬರ ದಿನಚರಿಯನ್ನೂ ಕಲಿಯುತ್ತಾನೆ. ಬೆರಳೆಣಿಕೆಯ ಬೀದಿಗಳ ಆ ಊರು ನನಗೆ ನಾನು ಬಾಡಿಗೆಗಿದ್ದ ಕೆಲವು ಬಡಾವಣೆಗಳಿಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ನಿಮ್ಮ ಕಡತದ ಒಂದು ನಕಲು ಇಟ್ಟುಕೊಂಡು, ನೂರು ಮನೆಗಳಲ್ಲಿ ಎಂಬತ್ತರ ಬಾಗಿಲನ್ನು ಮುಚ್ಚಿ, ಕೆಲವನ್ನು ಅಳಿಸಿ. ಒಂದು ಕಾಲುವೆಯನ್ನು ತನ್ನಿ. ಕಾಲುವೆ ಬೇಡವಾದರೆ ಗಣಿಯೋ, ಜೀನ್ಸ್ ಹೊಲಿಯುವ ಓಣಿಯೋ, ಹರಿಗೋಲು ದಾಟಿಸುವ ಘಟ್ಟವೋ ಆಗಬಹುದು. ಒಟ್ಟಿನಲ್ಲಿ ಊರು ಅಲ್ಲಿಯೇ ಏಕಿದೆ ಎಂಬುದಕ್ಕೆ ಕಾರಣವಾದದ್ದು ಏನಾದರೊಂದು ಬೇಕು. ಅದರ ಸುತ್ತ ಐದು ಜನರಿಗೆ ಮಾತ್ರ ಪೂರ್ತಿ ದಿನಚರಿ ಬರೆಯಿರಿ: ಗಿರಣಿಯ ಮಾಲೀಕ, ಒಬ್ಬ ಹಮಾಲ, ಚಹಾದಂಗಡಿಯಾಕೆ, ಕಾಲುವೆಯ ನೀರುಗಂಟಿ, ಸಾಲ ಮಾಡಿಕೊಂಡ ಒಬ್ಬ ರೈತ. ಬೆಳಿಗ್ಗೆ ಐದಕ್ಕೆ ಚಹಾದಂಗಡಿಯಲ್ಲಿ ಹಮಾಲನೂ ನೀರುಗಂಟಿಯೂ ಎದುರಾಗುವಂತೆ ಮಾಡಿ, ಮಾಲೀಕ ಅತ್ತ ಬಂದಾಗ ಇಬ್ಬರೂ ಮಾತು ನಿಲ್ಲಿಸಲಿ. ಏಕೆ ನಿಲ್ಲಿಸಿದರೆಂದು ನಿಮ್ಮ ಗೆಳೆಯರಲ್ಲಿ ಒಬ್ಬರಾದರೂ ಕೇಳಿದ ಮೇಲೆ ಆರನೆಯವನಿಗೆ ಕೈ ಹಾಕಿ.