ಗಲ್ಲಾಪೆಟ್ಟಿಗೆಯಲ್ಲಿ ಉಳಿದ ಚೆಕ್

ಘಾಟ್ಕೋಪರ್‌ನಲ್ಲಿ ಕ್ಯಾಂಟೀನ್ ನಡೆಸುವ ಕಾರ್ಕಳ ಕಡೆಯ ಹಿರಿಯರೊಬ್ಬರು ಮೊನ್ನೆ ಗಲ್ಲಾಪೆಟ್ಟಿಗೆಯ ತಳದಿಂದ ಒಂದು ಚೆಕ್ ತೆಗೆದು ತೋರಿಸಿದರು. ಮೂಲೆಗೆ ಬ್ಯಾಂಕಿನ ಚೀಟಿ ಚುಚ್ಚಿತ್ತು: ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’. ಕಚೇರಿಯೊಂದಕ್ಕೆ ಎಂಟು ತಿಂಗಳು ಊಟ ಕಳಿಸಿದ ಬಾಕಿ. ‘ಪರಿಚಯದವರು, ಕೊಟ್ಟೇ ಕೊಡುತ್ತಾರೆ’ ಎಂದು ಇವರು ಎರಡು ತಿಂಗಳು ಸುಮ್ಮನಿದ್ದರು. ಮುಂಬಯಿಯಲ್ಲಿ ನಮ್ಮವರ ಹೋಟೆಲುಗಳು ಬೆಳೆದದ್ದೇ ಇಂಥ ನಂಬಿಕೆಯ ಮೇಲೆ. ಕಾನೂನು ಮಾತ್ರ ದಿನ ಎಣಿಸುತ್ತದೆ.

ಚೆಕ್, ಪ್ರಾಮಿಸರಿ ನೋಟುಗಳ ಕುರಿತಾದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಬಂದಾಗ ಚೆಕ್ ವಾಪಸಾಗುವುದು ಅಪರಾಧವಾಗಿರಲಿಲ್ಲ. ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕಿತ್ತು, ಇಲ್ಲವೇ ವಂಚನೆಯ ದೂರು ಕೊಡಬೇಕಿತ್ತು. ಆದರೆ ಸಹಿ ಹಾಕುವಾಗಲೇ ಮೋಸದ ಉದ್ದೇಶವಿತ್ತೆಂದು ರುಜುವಾತು ಮಾಡುವುದು ಯಾರಿಗೆ ಸುಲಭ? 1988ರ ತಿದ್ದುಪಡಿ 138ನೇ ಸೆಕ್ಷನ್ ಸೇರಿಸಿ, ಹಣವಿಲ್ಲದೆ ಚೆಕ್ ವಾಪಸಾಗುವುದನ್ನೇ ಅಪರಾಧವಾಗಿಸಿತು. 1989ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಚೆಕ್ ಸಾಲ ತೀರಿಸಲು ಕೊಟ್ಟದ್ದೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆನ್ನುವ ಹೊರೆ ಸಹಿ ಹಾಕಿದವರದು. ಸಣ್ಣ ವ್ಯಾಪಾರಿಗೆ ಸಿಕ್ಕ ನಿಜವಾದ ಬಲ ಇದೇ ಎಂದು ನಾನು ನಂಬಿದ್ದೇನೆ. 2002ರ ತಿದ್ದುಪಡಿ ಜೈಲು ಶಿಕ್ಷೆಯ ಮಿತಿಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿತು. ದಂಡ ಚೆಕ್ ಮೊತ್ತದ ಎರಡು ಪಟ್ಟಿನವರೆಗೂ ಹೋಗಬಹುದು.

ದೂರು ಎಲ್ಲಿ ಕೊಡಬೇಕು ಎಂಬುದೇ ದೊಡ್ಡ ತಕರಾರಾಯಿತು. ಚೆಕ್ ಬರೆದ ಊರು, ಹಾಜರುಪಡಿಸಿದ ಊರು, ನೋಟಿಸ್ ಕೊಟ್ಟ ಊರು ಹೀಗೆ ಯಾವುದಾದರೂ ಆದೀತು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2014ರ ಆಗಸ್ಟ್‌ನಲ್ಲಿ ಅದೇ ಕೋರ್ಟ್, ಚೆಕ್ ತಿರಸ್ಕರಿಸಿದ ಬ್ಯಾಂಕ್ ಇರುವಲ್ಲೇ ಪ್ರಕರಣ ನಡೆಯಬೇಕೆಂದಿತು. ಹುಬ್ಬಳ್ಳಿಯ ಬ್ಯಾಂಕಿನ ಚೆಕ್ ವಾಪಸಾದರೆ ಮಾಟುಂಗಾದ ವ್ಯಾಪಾರಿ ಅಂಗಡಿ ಬಿಟ್ಟು ಹುಬ್ಬಳ್ಳಿಗೇ ಓಡಬೇಕು! ಬಾಕಿ ಉಳಿಸಿಕೊಂಡವರಿಗೆ ಅನುಕೂಲ, ಕಳೆದುಕೊಂಡವರಿಗೆ ಅಲೆದಾಟ. 2015ರ ತಿದ್ದುಪಡಿ ಅದನ್ನು ಸರಿಪಡಿಸಿತು: ಹಣ ಬರಬೇಕಾದವರು ತಮ್ಮ ಖಾತೆಗೆ ಹಾಕಿದ ಚೆಕ್ ವಾಪಸಾದರೆ, ಆ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯ ಸಾಕು. ವಿಚಾರಣೆ ಮುಗಿಯುವ ಮೊದಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ 2018ರಲ್ಲಿ ಬಂತು.

ಇಷ್ಟೆಲ್ಲ ಇದ್ದರೂ ಗಡುವು ತಪ್ಪಿದರೆ ಕಷ್ಟ. ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಅದು ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ಈ ಕೊನೆಯ ಗಡುವು ಮೀರಿದರೆ ತಕ್ಕ ಕಾರಣ ಕೊಟ್ಟು ನ್ಯಾಯಾಲಯವನ್ನು ಕೇಳಿಕೊಳ್ಳಬಹುದು. ನೋಟಿಸಿನ 30 ದಿನಕ್ಕೆ ಆ ಸವಲತ್ತಿಲ್ಲ.

ಹಿರಿಯರು ಅದನ್ನೇ ತಪ್ಪಿಸಿಕೊಂಡಿದ್ದರು. ಆದರೆ ಚೆಕ್ಕಿಗೆ ಬರೆದ ದಿನಾಂಕದಿಂದ ಮೂರು ತಿಂಗಳ ಆಯುಸ್ಸಿದೆ. ಅಷ್ಟರೊಳಗೆ ಮತ್ತೆ ಹಾಜರುಪಡಿಸಿ, ಮತ್ತೆ ವಾಪಸಾದರೆ ಹೊಸದಾಗಿ ನೋಟಿಸ್ ಕೊಟ್ಟು ದೂರು ಸಲ್ಲಿಸಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಇಬ್ಬರೂ ಕನ್ನಡಕ ಏರಿಸಿ ತಾರೀಖು ನೋಡಿದೆವು. ಹನ್ನೊಂದು ದಿನ ಉಳಿದಿತ್ತು. ಅವರು ಪಿನ್ ಬಿಚ್ಚಿ, ಚೆಕ್ಕನ್ನು ಅಂಗಿಯ ಜೇಬಿಗಿಟ್ಟುಕೊಂಡು, ಗಲ್ಲಾದಲ್ಲಿ ಮಗನನ್ನು ಕೂರಿಸಿ ಬ್ಯಾಂಕಿಗೆ ಹೊರಟರು.