ಎಳೆಯುವ ಮುಂಚೆ ಒಮ್ಮೆ ಒತ್ತಿ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ. ಒಂದು ಬಾಕ್ಸ್ ಎತ್ತುವುದು ದೊಡ್ಡ ವಿಷಯವೇನಲ್ಲ. ಬೆಳಗಿನಿಂದ ಬಗ್ಗಿ, ಎತ್ತಿ, ಲಾರಿಗೆ ಏರಿಸಿ, ಮತ್ತೆ ಬಗ್ಗಿದರೆ ಗೊತ್ತಾಗುತ್ತದೆ. ನಮ್ಮ ಭಾವ ಅಲ್ಲೇ ಲೋಡಿಂಗ್ ಕೆಲಸ ಮಾಡುತ್ತಾರೆ. ಸೀಸನ್ ಮುಗಿಯುವ ಹೊತ್ತಿಗೆ ಅವರ ತೊಡೆಯ ಹಿಂಭಾಗ ಹಗ್ಗದ ಹಾಗೆ ಬಿಗಿದಿತ್ತು. ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದರೂ ‘ಅಯ್ಯಪ್ಪಾ’ ಅನ್ನುತ್ತಿದ್ದರು. ‘ನರ ಹಿಡ್ಕೊಂಡಿದೆ’ ಅಂತ ಅವರ ವಾದ. ನಮ್ಮ ಕಡೆ ಎಲ್ಲ ನೋವಿಗೂ ನರವೇ ಕಾರಣ ಬಿಡಿ.

ಫಿಸಿಯೋಥೆರಪಿಸ್ಟ್ ಮೊದಲು ತೊಡೆಯನ್ನು ಚೆನ್ನಾಗಿ ನೀವಿದರು. ಆಮೇಲೆ ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ನಿಧಾನವಾಗಿ ಎತ್ತಿದರು. ಬಿಗಿ ಸಿಕ್ಕ ಕಡೆ ನಿಲ್ಲಿಸಿ, ಹಿಮ್ಮಡಿಯನ್ನು ತಮ್ಮ ಭುಜಕ್ಕೆ ಆನಿಸಿಕೊಂಡರು.

‘ಅಣ್ಣಾ, ಈಗ ಕಾಲನ್ನ ಕೆಳಕ್ಕೆ ಒತ್ತಿ. ಪೂರ್ತಿ ಬಲ ಬೇಡ, ಸ್ವಲ್ಪ ಸಾಕು.’

ಆರು ಸೆಕೆಂಡ್ ಆದ ಮೇಲೆ, ‘ಬಿಡಿ, ಉಸಿರು ಬಿಡಿ’ ಅಂದರು. ಕಾಲನ್ನು ಇನ್ನೊಂಚೂರು ಎತ್ತಿ ಅರ್ಧ ನಿಮಿಷ ಹಿಡಿದರು. ಹೀಗೆ ಮೂರು ಸಲ. ಕೊನೆಗೆ ಹಿಮ್ಮಡಿ ಮೊದಲಿಗಿಂತ ಒಂದು ಗೇಣು ಮೇಲಿತ್ತು!

ಎಳೆಯಬೇಕಾದ ಸ್ನಾಯುವನ್ನೇ ಮೊದಲು ಬಿಗಿ ಮಾಡಿಸುವುದು ವಿಚಿತ್ರ, ಅಲ್ವಾ? ಈ ಪದ್ಧತಿಗೆ ಪ್ರೊಪ್ರಿಯೊಸೆಪ್ಟಿವ್ ನ್ಯೂರೋಮಸ್ಕ್ಯುಲರ್ ಫೆಸಿಲಿಟೇಶನ್, ಚಿಕ್ಕದಾಗಿ ಪಿಎನ್‌ಎಫ್ ಅಂತ ಹೆಸರು. 1940ರ ದಶಕದಲ್ಲಿ ಅಮೆರಿಕದ ವೈದ್ಯ ಹರ್ಮನ್ ಕಬಾಟ್ ಪೋಲಿಯೋದಂಥ ಕಾಯಿಲೆಯಿಂದ ಕೈಕಾಲು ಸೋತವರಿಗಾಗಿ ಇದನ್ನು ಶುರುಮಾಡಿದರು. ಜೊತೆಗೆ ಮಾರ್ಗರೆಟ್ ನಾಟ್ ಎಂಬ ಥೆರಪಿಸ್ಟ್ ಇದ್ದರು. ಆಮೇಲೆ ಅದು ಆಟದ ಮೈದಾನಕ್ಕೂ ಮಸಾಜ್ ಮಾಡುವವರ ಕೈಗೂ ಬಂತು.

ಸ್ನಾಯುವಿನೊಳಗೆ ನೂಲುವ ಕದಿರಿನ ಆಕಾರದ ಪುಟ್ಟ ಕಾವಲುಗಾರರಿದ್ದಾರೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಅಂತ ಬೆನ್ನುಹುರಿಗೆ ಸುದ್ದಿ ಕಳಿಸುವುದು ಅವರ ಕೆಲಸ. ಗಬಕ್ಕನೆ ಎಳೆದರೆ ಸ್ನಾಯು ತಿರುಗಿ ಸೆಟೆಯುತ್ತದೆ. ಡಾಕ್ಟರು ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಒದೆಯುವುದೂ ಇದರಿಂದಲೇ. ಅದಕ್ಕೇ ನಿಧಾನ ಬೇಕು.

ಇನ್ನು ಒತ್ತುವ ವಿಷಯ. ಒತ್ತಿದಾಗ, ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುವಿನ ಸಂವೇದಕಗಳು ‘ಸಾಕು, ಸಡಿಲಿಸು’ ಅನ್ನುತ್ತವೆ ಎಂದು ತುಂಬಾ ಕಾಲ ಪಾಠ ಹೇಳಿದರು. ಆದರೆ ಆ ಪರಿಣಾಮ ಕೆಲವೇ ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಅರ್ಧ ನಿಮಿಷದ ಎಳೆತಕ್ಕೆ ಅದೊಂದೇ ಕಾರಣ ಸಾಲದು. ಸ್ನಾಯು ಕೂತಲ್ಲೇ ಉದ್ದ ಬೆಳೆಯುವುದೂ ಇಲ್ಲ. ಮುಖ್ಯವಾಗಿ ಬದಲಾಗುವುದು ಸಹನೆ. ನಿನ್ನೆ ‘ಅಪಾಯ’ ಅಂತ ಕೂಗಿದ ಜಾಗವನ್ನು ಮಿದುಳು ಇವತ್ತು ‘ಪರವಾಗಿಲ್ಲ’ ಅಂತ ಒಪ್ಪಿಕೊಳ್ಳುತ್ತದೆ. ಹಾಗೆ ನೋಡಿದರೆ ಭಾವ ದೂರಿದ ‘ನರ’ ಪೂರ್ತಿ ಸುಳ್ಳೂ ಅಲ್ಲ.

ಮರುದಿನ ಬೆಳಗ್ಗೆ ಬಿಗಿ ಮತ್ತೆ ವಾಪಸ್ ಬಂದಿತ್ತು. ಒಂದು ದಿನದ ಲಾಭ ಅಷ್ಟೇ. ವಾರಗಟ್ಟಲೆ ಮಾಡಬೇಕು. ಭಾವ ಈಗ ಪಾದಕ್ಕೆ ಟವಲ್ ಸಿಕ್ಕಿಸಿ, ಅದರ ಎರಡು ತುದಿ ಕೈಯಲ್ಲಿ ಹಿಡಿದು ತಾವೇ ಮಾಡಿಕೊಳ್ಳುತ್ತಾರೆ. ಎಳೆತ ಗೊತ್ತಾಗಬೇಕು, ಚುಚ್ಚಿದಂಥ ನೋವು ಬರಬಾರದು.

ಕಟಿಂಗ್ ಶಾಪಿನಲ್ಲಿ ಕತ್ತನ್ನು ಲಟಕ್ ಅನ್ನಿಸುತ್ತಾರಲ್ಲ, ಅದು ಇದಲ್ಲ. ಆ ಜರ್ಕಿಗೆ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಿರುವುದುಂಟು. ಸುಮ್ನೆ ಕೈಮುಗಿದು ಬೇಡ ಅನ್ನಿ.

ಹಾಗೆಯೇ ಈಗಷ್ಟೇ ಹರಿದು ಊದಿಕೊಂಡ ಸ್ನಾಯುವನ್ನು ಎಳೆಯಬಾರದು. ನೋವು ಮಂಡಿ ದಾಟಿ ಕೆಳಗಿಳಿಯುತ್ತಿದ್ದರೆ, ಪಾದ ಜೋಮು ಹಿಡಿದರೆ, ಹೆಬ್ಬೆರಳು ಎತ್ತಲು ಬಲ ಸಾಲದಿದ್ದರೆ ಅದು ನಿಜವಾಗಿಯೂ ನರದ್ದೇ ಇರಬಹುದು. ಆಗ ಟವಲ್ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಮೂತ್ರದ ಹಿಡಿತವೂ ತಪ್ಪಿದರೆ ಅವತ್ತೇ, ತಡಮಾಡದೆ ಆಸ್ಪತ್ರೆಗೆ.