ತರಗೆಲೆ ಮೆಟ್ಟಿ ಬೆಂಕಿಗೋಪುರಕ್ಕೆ

ಅಕ್ಟೋಬರ್ ನಡುವಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳನ್ನು ಓಡಿ ಹತ್ತುವವರಿಗೆ ಏರಿಗಿಂತ ಹೆಚ್ಚು ಕಾಟ ಕೊಡುವುದು ತರಗೆಲೆ. ಮೇಲಿನ ಪದರ ಹಪ್ಪಳದಂತೆ ಗರಿಗರಿ. ಅಡಿಯದು ರಾತ್ರಿಯ ಇಬ್ಬನಿ ಕುಡಿದು ಪಾಚಿಯಂತೆ ಜಾರುತ್ತದೆ. ಅದರ ಕೆಳಗಿರುವುದು ಕಲ್ಲೋ ಬೇರೋ ಗುಂಡಿಯೋ, ಮೆಟ್ಟಿದ ಮೇಲೆಯೇ ಗೊತ್ತು. ಉಬ್ಬುತಗ್ಗಿನ ನೆಲದಲ್ಲಿ ಕಣ್ಣು ಈಗ ಊರುವ ಹೆಜ್ಜೆಯನ್ನಲ್ಲ, ಎರಡು ಮೂರು ಹೆಜ್ಜೆ ಆಚೆಗಿನ ಜಾಗವನ್ನು ಅಳೆಯುತ್ತಿರುತ್ತದೆ. ಎಲೆಹಾಸು ಆ ಅಳತೆಯನ್ನೇ ಕೆಡಿಸುತ್ತದೆ. ಆಮೇಲೆ ಉಳಿಯುವ ಉಪಾಯ ಒಂದೇ: ಹೆಜ್ಜೆ ಚಿಕ್ಕದು ಮಾಡಿ, ಪಾದದ ಕೀಲನ್ನು ಸಡಿಲ ಬಿಟ್ಟು, ಹೊರಳಿದ ಕ್ಷಣದಲ್ಲಿ ಸ್ನಾಯುಗಳೇ ಸಾವರಿಸಿಕೊಳ್ಳಲು ಬಿಡುವುದು.

ಕಾಟ ಕೊಡುವ ಎಲೆ ಸುಂದರವಾಗಿಯೂ ಇದೆ ಎಂಬುದು ಬೇರೆ ಮಾತು. ಎಲೆಯಲ್ಲಿರುವ ಸಾರಜನಕ ಮರಕ್ಕೆ ದುಬಾರಿ ಸೊತ್ತು. ಉದುರಿಸುವ ಮುನ್ನ ಮರವು ಹಸಿರು ಪತ್ರಹರಿತ್ತನ್ನೂ ಅದಕ್ಕೆ ಅಂಟಿದ ಪ್ರೋಟೀನುಗಳನ್ನೂ ಒಡೆದು, ಆ ಸಾರಜನಕವನ್ನು ರೆಂಬೆಗೆ ಎಳೆದುಕೊಳ್ಳುತ್ತದೆ. ಹಸಿರು ಸರಿದಾಗ ಕಾಣುವ ಹಳದಿ ಮೊದಲಿನಿಂದಲೂ ಅಲ್ಲೇ ಇದ್ದದ್ದು. ಮೇಪಲ್ ಎಲೆಯ ಕೆಂಪು ಮಾತ್ರ ಹಾಗಲ್ಲ, ಅದು ಆಗ ಹೊಸದಾಗಿ ತಯಾರಾಗುವ ಬಣ್ಣ. ಬಾಡಿಗೆ ಮನೆ ಖಾಲಿ ಮಾಡುವ ವಾರ ಗೋಡೆಗೆ ಬಣ್ಣ ಬಳಿಸುವವರುಂಟೇ? ವಿಜ್ಞಾನಿಗಳು ಇದರ ಬಗ್ಗೆ ಇನ್ನೂ ವಾದಿಸುತ್ತಾರೆ. ನನಗೆ ಒಪ್ಪಿಗೆಯಾಗುವ ಉತ್ತರ, ಅದು ಕೊಡೆ ಎಂಬುದು: ಸಾಮಾನು ಸಾಗಿಸಿ ಮುಗಿಯುವವರೆಗೆ ಬಿಸಿಲಿನ ಹೊಡೆತದಿಂದ ಎಲೆಯನ್ನು ಕಾಯುವ ಕೊಡೆ.

ಎಲೆ ಬಿದ್ದ ಮೇಲೆ ಕಾಡಿಗೆ ಚಾವಣಿಯಿಲ್ಲ. ಬಿಸಿಲೂ ಗಾಳಿಯೂ ನೇರ ನೆಲಕ್ಕಿಳಿದು ತರಗನ್ನು ಒಣಗಿಸುತ್ತವೆ. ಹಾಗಾಗಿ ಅಲ್ಲಿ ಬೆಂಕಿಯ ಕಾಲ ವರ್ಷಕ್ಕೆ ಎರಡು: ಎಲೆ ಉದುರಿದ ಶರತ್ಕಾಲ ಒಂದು, ಹಿಮ ಕರಗಿ ಚಿಗುರು ಇನ್ನೂ ಬಾರದ ವಸಂತ ಇನ್ನೊಂದು. ಉತ್ತರದ ಅಡಿರಾಂಡಾಕ್ ಬೆಟ್ಟಗಳು 1903ರಲ್ಲಿ ಹೊತ್ತಿದ್ದು ವಸಂತದಲ್ಲಿ, 1908ರಲ್ಲಿ ಶರತ್ಕಾಲದಲ್ಲಿ. ಮರ ಕಡಿದವರು ಬಿಟ್ಟುಹೋದ ಒಣರೆಂಬೆಗಳ ಮೇಲೆ ಉಗಿಬಂಡಿಯ ಕಿಡಿ ಬಿದ್ದರೆ ಸಾಕಾಗುತ್ತಿತ್ತು. 1909ರಲ್ಲಿ ರಾಜ್ಯವು ಶಿಖರಗಳ ಮೇಲೆ ಕಾವಲು ಹಾಕತೊಡಗಿತು. ಕ್ಯಾಟ್ಸ್‌ಕಿಲ್‌ನ ಹಂಟರ್ ಬೆಟ್ಟದಲ್ಲಿ ಆ ವರ್ಷ ಎದ್ದ ಮರದ ದಿಮ್ಮಿಗಳ ಗೋಪುರದ ಬದಲು 1917ರಲ್ಲಿ 60 ಅಡಿಯ ಉಕ್ಕಿನ ಗೋಪುರ ಬಂತು. ಇಂಥ ಅನೇಕ ಗೋಪುರಗಳನ್ನು ಮಾಡಿಕೊಟ್ಟದ್ದು ಷಿಕಾಗೋದ ಏರ್‌ಮೋಟರ್ ಕಂಪನಿ. ಬಾವಿ ನೀರೆತ್ತುವ ಗಾಳಿಯಂತ್ರಗಳಿಗೆ ಹೆಸರಾದ ಕಂಪನಿ ಅದು.

1,231 ಮೀಟರ್ ಎತ್ತರದ ಬೆಟ್ಟಕ್ಕೆ ಮತ್ತೆ ಗೋಪುರವೇಕೆ? ನೆತ್ತಿಯ ಮೇಲೂ ಸ್ಪ್ರೂಸ್, ಫರ್ ಮರಗಳು ಒತ್ತಾಗಿ ನಿಂತಿವೆ. ಅವುಗಳ ತಲೆ ದಾಟದೆ ಏನೂ ಕಾಣದು. ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಇಲ್ಲಿಂದ ಲೆಕ್ಕಕ್ಕೆ ಸುಮಾರು 125. ಬೇಸಗೆಯಲ್ಲಿ ಅಷ್ಟು ಕಾಣುವುದಿಲ್ಲ: ತೇವದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ನೀರು ಹೀರಿ ಉಬ್ಬಿ ಬೆಳಕನ್ನು ಚದುರಿಸುತ್ತವೆ. ಶರತ್ಕಾಲದ ಒಣಗಾಳಿ ನೋಟವನ್ನು ತೊಳೆದಿಟ್ಟಂತೆ ಮಾಡುತ್ತದೆ.

ಗೋಪುರದ ಕೋಣೆಯ ನಡುವೆ ದುಂಡು ನಕ್ಷೆ, ಅದರ ಮೇಲೆ ತಿರುಗುವ ಪಟ್ಟಿ. ಹೊಗೆಗೆ ಪಟ್ಟಿಯ ಗುರಿ ಹಿಡಿದರೆ ದಿಕ್ಕು ತಿಳಿಯುತ್ತಿತ್ತು, ದೂರವಲ್ಲ. ಇನ್ನೊಂದು ಶಿಖರದ ಕಾವಲುಗಾರನೂ ತನ್ನ ದಿಕ್ಕನ್ನು ಫೋನಿನಲ್ಲಿ ಹೇಳಿದಾಗ ಎರಡು ಗೆರೆಗಳು ಕೂಡಿದ ಕಡೆ ಬೆಂಕಿ. ವಿಮಾನಗಳು ಬಂದ ಮೇಲೆ ಈ ಕೆಲಸ ನಿಂತಿತು, ಬೆಂಕಿ ನಿಂತಿಲ್ಲ. 2024ರ ನವೆಂಬರಿನಲ್ಲಿ ನ್ಯೂಜೆರ್ಸಿ ಗಡಿಯಲ್ಲಿ 5,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು.

ನಮ್ಮ ಬಂಡೀಪುರದಲ್ಲೂ ಕಾವಲು ಗೋಪುರಗಳಿವೆ, ಬೆಂಕಿ ದಾಟದಂತೆ ಹುಲ್ಲು ತರಗು ಸವರಿದ ಬೆಂಕಿರೇಖೆಗಳಿವೆ. ಅಲ್ಲಿ ಎಲೆ ಉದುರಿಸುವುದು ಚಳಿಯಲ್ಲ, ನೀರಿನ ಕೊರತೆ. ಉದುರಿದ ಎಲೆಗೂ ಬೆಂಕಿಗೂ ನಡುವೆ ಹಿಮದ ಬಿಡುವೂ ಇಲ್ಲ. 2019ರ ಫೆಬ್ರುವರಿಯ ಕಾಡ್ಗಿಚ್ಚು ಅದನ್ನು ತೋರಿಸಿತು.

ಹಂಟರ್‌ನ ಇಳಿಜಾರು ಸುಲಭವೆಂದು ಅನಿಸುತ್ತದೆ, ಉಸಿರೂ ಕಟ್ಟುವುದಿಲ್ಲ. ಆದರೆ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಎಳೆತಕ್ಕೆ ಸಿಕ್ಕಿಕೊಂಡೇ ಬಿಗಿಯುತ್ತಾ ದೇಹಕ್ಕೆ ಬ್ರೇಕ್ ಹಾಕುತ್ತಿರುತ್ತದೆ. ಅದರ ಎಳೆಗಳಲ್ಲಿ ಸಣ್ಣ ಸೀಳುಗಳಾಗುತ್ತವೆ. ನೋವು ಅಂದು ಬರುವುದಿಲ್ಲ. ಎರಡನೆಯ ಬೆಳಿಗ್ಗೆ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು, ಅಡ್ಡಡ್ಡಲಾಗಿ ಇಳಿಯುವಾಗ ಬರುತ್ತದೆ.